ಖಾಲಿ ವ್ಯಾನಿಗೆ ಯಾರೂ ಹತ್ತುವುದಿಲ್ಲ

ವ್ಯಾನಿನ ಕನ್ನಡಿಯಲ್ಲಿ ಅತ್ತೆಯ ಮುಖ ಕಂಡ ಕೂಡಲೇ ಅವಳು ಕಣ್ಣು ತಿರುಗಿಸಿಕೊಂಡಳು. ಗುರುತಿಲ್ಲದವರ ಮುಖವನ್ನು ಎಷ್ಟು ಹೊತ್ತು ನೋಡಬಹುದೋ ಅಷ್ಟೇ ಹೊತ್ತು ನೋಡಬೇಕು. ಒಂದು ಚೂರು ಹೆಚ್ಚಾದರೆ ಇಲ್ಲೇನೋ ಇದೆ ಅಂತ ನೋಡುವವರಿಗೆ ಗೊತ್ತಾಗಿಬಿಡುತ್ತದೆ. ಒಂದು ಚೂರು ಕಡಿಮೆಯಾದರೂ ಗೊತ್ತಾಗುತ್ತದೆ. ಮೊದಮೊದಲು ಈ ಅಳತೆ ಅವಳ ಕೈಗೆ ಸಿಕ್ಕಿರಲಿಲ್ಲ. ಅತ್ತೆಯೇ ಹೇಳಿಕೊಟ್ಟಿದ್ದರು. "ನನ್ನನ್ನ ಬಾಡಿಗೆ ಮನೆ ನೋಡೋಕೆ ಬಂದವಳ ಹಾಗೆ ನೋಡ್ಬೇಡ ಕಣೇ. ತರಕಾರಿ ಅಂಗಡೀಲಿ ಪಕ್ಕದವಳ ಚೀಲ ನೋಡ್ತೀವಲ್ಲ, ಹಾಗೆ ನೋಡು. ನೋಡಿ ಮರೀಬೇಕು." ಈಗ ಅವಳು ನೋಡಿದಳು, ಮರೆತ ಹಾಗೆ ಗಾಜು ಒರೆಸುವ ಬಟ್ಟೆ ತೆಗೆದುಕೊಂಡು ಮುಂದಿನ ಗಾಜಿನ ಎಡಮೂಲೆಯನ್ನು ಒರೆಸಿದಳು. ಆ ಮೂಲೆ ಆಗಲೇ ಕನ್ನಡಿಯಂತೆ ಹೊಳೆಯುತ್ತಿತ್ತು. ಬೆಳಿಗ್ಗೆಯಿಂದ ಅದನ್ನೇ ಒರೆಸಿದ್ದಳು. ಸ್ಟ್ಯಾಂಡಿನ ಖಾಯಂ ವ್ಯಾನುಗಳಿಗೆಲ್ಲ ಆ ಮೂಲೆಯಲ್ಲಿ ಬಿಳಿ ಬಣ್ಣದಲ್ಲಿ ಒಂದು ನಂಬರು ಇರುತ್ತದೆ. ಪರೀಕ್ಷೆಗೆಂದು ನಿಲ್ಲಲು ಬಿಟ್ಟಿದ್ದ ಅವಳ ವ್ಯಾನಿಗೆ ಇನ್ನೂ ಇಲ್ಲ. ಇವತ್ತು ಸಂಜೆ ಬರೆಯುತ್ತೇನೆ ಎಂದು ಸೀಟಿಯಣ್ಣ ಹೇಳಿದ್ದ.

ಸೀಟಿಯಣ್ಣ ಎಂದರೆ ಈ ಸ್ಟ್ಯಾಂಡಿನ ಹಿರಿಯ. ಒಂದು ಕಾಲದಲ್ಲಿ ಅವನೂ ಡ್ರೈವರು, ಈಗ ಬಲಗಾಲು ಎಳೆಯುತ್ತದೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ. ಯಾರ ಗಾಡಿ ಯಾವಾಗ ಮುಂದೆ ಬರಬೇಕು, ಯಾವಾಗ ಹೊರಡಬೇಕು ಎಲ್ಲ ಆ ಸೀಟಿಯಲ್ಲಿ. ಅವನು ನಂಬರು ಬರೆದರೆ ಸರದಿ ಗಟ್ಟಿ, ಯಾರೂ ಹಿಂದಕ್ಕೆ ತಳ್ಳುವಂತಿಲ್ಲ. ಬರೆಯದಿದ್ದರೆ ಬೀದಿಬೀದಿ ತಿರುಗಿ ಕೈ ತೋರಿಸಿದವರನ್ನು ಹತ್ತಿಸಿಕೊಂಡು ಹೋಗಬೇಕು, ಅದರಲ್ಲಿ ಡೀಸೆಲ್ಲಿಗೂ ಹುಟ್ಟುವುದಿಲ್ಲ. ಆಸ್ಪತ್ರೆಯ ನರ್ಸ್ ಕೆಲಸ ಬಿಟ್ಟವಳಿಗೆ ಹಿಂದೆ ಹೋಗುವ ಬಾಗಿಲು ಇಲ್ಲ. ಬಾಗಿಲು ಇದ್ದರೂ ಅವಳು ಹೋಗುವವಳಲ್ಲ.

ವ್ಯಾನು ತುಂಬುತ್ತಿತ್ತು. ಮಧ್ಯದ ಸಾಲಿನ ಕಿಟಕಿಯಲ್ಲಿ, ಹೊರಗಿನಿಂದ ಎದ್ದು ಕಾಣುವ ಹಾಗೆ, ಅತ್ತೆ. ಅವರ ಪಕ್ಕದಲ್ಲಿ ಗಿಡದ ಕುಂಡವೊಂದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡ ಹೆಂಗಸು. ಅವಳಾಚೆ ಟೈ ಕಟ್ಟಿದ ಹುಡುಗ, ಇಂಟರ್‌ವ್ಯೂಗೆ ಇರಬೇಕು, ತುಟಿ ಅಲ್ಲಾಡುತ್ತಿತ್ತು. ಹಿಂದಿನ ಸಾಲಿನಲ್ಲಿ ಒಂದೇ ಇಯರ್‌ಫೋನನ್ನು ಎರಡು ಕಿವಿಗೆ ಹಂಚಿಕೊಂಡ ಇಬ್ಬರು ಹುಡುಗಿಯರು. ಅತ್ತೆ ಇಲ್ಲದಿದ್ದರೆ ಇವರಲ್ಲಿ ಒಬ್ಬರೂ ಇರುತ್ತಿರಲಿಲ್ಲ. ಅದು ಈ ದಂಧೆಯ ಗುಟ್ಟು, ಗುಟ್ಟೆಂದರೆ ಎಲ್ಲರಿಗೂ ಗೊತ್ತಿರುವ ಗುಟ್ಟು: ಖಾಲಿ ವ್ಯಾನಿಗೆ ಯಾರೂ ಹತ್ತುವುದಿಲ್ಲ. ಜನ ಬರುತ್ತಾರೆ, ಇಣುಕುತ್ತಾರೆ, ಯಾರೂ ಇಲ್ಲವೆಂದರೆ 'ಇದು ಹೊರಡೋದು ತಡ' ಎಂದುಕೊಂಡು ಹೊರಟುಬಿಡುತ್ತಾರೆ. ಒಬ್ಬರು ಕೂತಿದ್ದರೆ ಇನ್ನೊಬ್ಬರು, ಇಬ್ಬರಿದ್ದರೆ ನಾಲ್ವರು. ಅದಕ್ಕೇ ಕೆಲವರು ತಮ್ಮವರನ್ನೇ ಪ್ಯಾಸೆಂಜರಿನ ಹಾಗೆ ಕೂರಿಸುತ್ತಿದ್ದರು. ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಲ್ಲಿಸುತ್ತಾರಲ್ಲ, ಹಾಗೆ. ಡ್ರೈವರುಗಳು ಅದಕ್ಕೆ 'ಗೊಂಬೆ ಕೂರಿಸೋದು' ಎನ್ನುತ್ತಿದ್ದರು. ಸೀಟಿಯಣ್ಣನಿಗೆ ಗೊಂಬೆಯೆಂದರೆ ಆಗದು. ಭಾಮೈದನನ್ನು ಗೊಂಬೆ ಮಾಡಿದ್ದ ಒಬ್ಬನನ್ನು ಅವನು ಎಲ್ಲರ ಎದುರಿಗೇ ಸಾಲಿನಿಂದ ಹೊರಗೆ ಹಾಕಿದ್ದ. ಆ ಮನುಷ್ಯ ಈಗ ಅದೇ ಗಾಡಿಯ ಸೀಟು ಕಿತ್ತು ಸಿಮೆಂಟು ಮೂಟೆ ಹೊರುತ್ತಾನೆ.

ಅವಳು ಬೇಕೆಂದು ಮಾಡಿದ್ದಲ್ಲ. ಮೊದಲ ದಿನ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು, ಬಂದವರ ಮುಖ ನೋಡಿ ನಕ್ಕೂ ನಕ್ಕೂ ಕೆನ್ನೆ ನೋಯಿಸಿಕೊಂಡು ಕೂತಿದ್ದಳು. ಯಾರೂ ಹತ್ತಲಿಲ್ಲ. ಇಣುಕಿದವರು ಮೊದಲು ಸೀಟು ನೋಡಿದರು, ಆಮೇಲೆ ಅವಳನ್ನು ನೋಡಿದರು, ಎರಡನೆಯ ನೋಟ ಮೊದಲನೆಯದಕ್ಕಿಂತ ಚುಚ್ಚುತ್ತಿತ್ತು. ಮಧ್ಯಾಹ್ನ ಅತ್ತೆ ಊಟದ ಡಬ್ಬಿ ತಂದರು. ಮಂಡಿ ನೋವು, ಸ್ವಲ್ಪ ಕೂರ್ತೀನಿ ಎಂದು ಒಳಗೆ ಕೂತರು. ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ವ್ಯಾನು ತುಂಬಿತು. ಇಳಿಯಲು ಜಾಗವಿಲ್ಲದೆ ಅತ್ತೆ ಟೈಲ್ಸ್ ಅಂಗಡಿಯವರೆಗೂ ಬಂದು, ಅಲ್ಲಿ ಇಳಿದು, ಹಿಂದಿನ ಓಣಿಯಲ್ಲಿ ನಡೆದುಕೊಂಡು ವಾಪಸ್ಸು ಹೋದರು. ಅವತ್ತು ಸಂಜೆ ಮನೆಯಲ್ಲಿ ಅತ್ತೆಯ ಕಣ್ಣಲ್ಲಿ ಅವಳು ಎಂದೂ ಕಾಣದ ಒಂದು ಹೊಳಪು. "ನಾಳೆ ಬೇರೆ ಶಾಲು ಹೊದ್ಕೊಂಡು ಬರ್ಲಾ?" ಎಂದು ಕೇಳಿದ್ದರು. ಬದುಕಿಡೀ ಒಲೆ ಮುಂದೆ, ಹೊಲಿಗೆ ಮಿಷನ್ನಿನ ಮುಂದೆ ತಲೆ ತಗ್ಗಿಸಿದ್ದ ಹೆಂಗಸು ಈಗ ದಿನಕ್ಕೊಂದು ಪಾತ್ರ. ಒಂದು ದಿನ ರೈಲಿಗೆ ಹೊರಟ ಅವಸರದವಳು, "ಏನಮ್ಮಾ, ಹೊರಡೋದು ಇವತ್ತೋ ನಾಳೆಯೋ?" ಎಂದು ಸೊಸೆಯನ್ನೇ ಗದರಿಸಿದ್ದರು. ಒಂದು ದಿನ ಕಿವುಡಿ. ಒಂದು ದಿನ ಮಗಳ ಬಾಣಂತನಕ್ಕೆ ಹೊರಟವಳು, ಪಕ್ಕದವರು ಮಗು ಗಂಡೋ ಹೆಣ್ಣೋ ಎಂದು ಕೇಳಿದರೆ, "ಇನ್ನೂ ಹುಟ್ಟೇ ಇಲ್ಲ, ಅದಕ್ಕೇ ಹೊರಟಿದ್ದು" ಎಂದಿದ್ದರು. ಬಚ್ಚಲಿನ ಕನ್ನಡಿ ಎದುರು ಅಭ್ಯಾಸ ಮಾಡುವುದನ್ನು ಗಂಡ ನೋಡಿ, "ಅಮ್ಮನಿಗೆ ವಯಸ್ಸಾಯ್ತು ಅಂದ್ಕೊಂಡಿದ್ದೆ, ಈಗ ಶುರುವಾಗ್ತಾ ಇದೆ" ಎಂದು ನಕ್ಕು ಪ್ರೆಸ್ಸಿಗೆ ಹೋಗಿದ್ದ.

ಅವಳು ನಗಲಿಲ್ಲ. ಮೊನ್ನೆ ಸೀಟಿಯಣ್ಣ ಕಿಟಕಿಗೆ ಮೊಣಕೈ ಊರಿ, "ಆ ಅಜ್ಜಿ ದಿನಾ ಎಲ್ಲಿಗೆ ಹೋಗ್ತಾರಮ್ಮ? ಒಂದೊಂದು ದಿನ ಒಂದೊಂದು ಶಾಲು" ಎಂದು ಕೇಳಿದಾಗ ಅವಳ ಬಾಯಿಂದ ತಾನೇ ತಾನಾಗಿ, "ಆಸ್ಪತ್ರೆಗೆ. ಎದೆ ತೊಂದ್ರೆ ಅಂತೆ" ಎಂದು ಬಂದಿತ್ತು. ಎಷ್ಟು ಮಾತಿದ್ದವು ಜಗತ್ತಿನಲ್ಲಿ. ಮಾರ್ಕೆಟ್ಟು, ಮಗಳ ಮನೆ, ವಾಕಿಂಗು. ಅವಳಿಗೆ ಸಿಕ್ಕಿದ್ದು ಅದು. ಬಿಟ್ಟೆನೆಂದುಕೊಂಡ ವಾರ್ಡು ನಾಲಗೆಯ ತುದಿಯಲ್ಲೇ ಕೂತಿತ್ತು.

"ಹಾಗಾದ್ರೆ ಇನ್ನು ಮೇಲೆ ನಾನು ಎದೆ ನೋವಿನವಳು" ಎಂದಿದ್ದರು ಅತ್ತೆ, ಪಾತ್ರ ಸಿಕ್ಕ ಖುಷಿಯಲ್ಲಿ. "ಹೇಳ್ಕೊಡು. ನೀನು ನೋಡಿದೀಯಲ್ಲ." ನಿನ್ನೆ ಸಂಜೆ ಅಡುಗೆಮನೆಯ ಸ್ಟೂಲಿನ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಅವಳು ಹೇಳಿಕೊಟ್ಟಳು. ಬೆರಳಿಟ್ಟು ಇಲ್ಲಿ ಅಂತ ತೋರಿಸಬಾರದು, ಅಂಗೈ ಪೂರ್ತಿ ಇಡಬೇಕು, ಹೀಗೆ. ನರಳಬಾರದು, ನಿಜವಾದವರು ನರಳುವುದಿಲ್ಲ, ಸುಮ್ಮನಾಗುತ್ತಾರೆ. ಮಾತಾಡುತ್ತ ಇದ್ದವರು ಮಾತು ಅರ್ಧಕ್ಕೆ ಬಿಡುತ್ತಾರೆ. ಉಸಿರು ಮೇಲೆಮೇಲೆ. ಅತ್ತೆ ಒಂದೊಂದನ್ನೂ ಮಾಡಿ ತೋರಿಸಿ, "ಸರೀನಾ?" ಎಂದು ಕೇಳಿದರು. ಒಂದು ಸಲ ಎಷ್ಟು ಸರಿಯಾಯಿತೆಂದರೆ ಅವಳ ಬೆನ್ನ ಮೇಲೆ ಏನೋ ಹರಿದ ಹಾಗಾಗಿ, "ಸಾಕು ಬಿಡಿ ಅತ್ತೆ" ಎಂದು ಎದ್ದಳು. "ಬೆವರು?" ಎಂದರು ಅತ್ತೆ. "ಬೆವರು ಹೇಗೆ ಬರಿಸೋದು?" "ಅದು ಬರಿಸೋಕೆ ಆಗಲ್ಲ." ಅತ್ತೆ ಲೋಟದ ನೀರಲ್ಲಿ ಬೆರಳದ್ದಿ ಹಣೆಗೆ ಚಿಮುಕಿಸಿಕೊಂಡು, "ಆಗತ್ತೆ" ಎಂದರು.

ಸೀಟಿ ಊದುವ ಹೊತ್ತಾಗಿತ್ತು. ಅವಳು ಕೀಲಿ ತಿರುಗಿಸಿದಳು. ಸೀಟಿಯಣ್ಣ ಊದಲಿಲ್ಲ. ಕಾಲೆಳೆದುಕೊಂಡು ವ್ಯಾನಿನ ಮುಂದಿನಿಂದ ಸುತ್ತಿಬಂದು, ಅವಳ ಪಕ್ಕದ ಬಾಗಿಲು ತೆಗೆದು, ಒಂದು ಕೈಯಿಂದ ಕಾಲನ್ನು ಎತ್ತಿ ಒಳಗಿಟ್ಟುಕೊಂಡು ಕೂತ.

"ಇವತ್ತು ನಾನೂ ಬರ್ತೀನಿ. ನಂಬರು ಬರೆಯೋಕೆ ಮುಂಚೆ ಒಂದು ಸಲ ಗಾಡೀಲಿ ಕೂರ್ತೀನಿ. ಎಲ್ರಿಗೂ ಮಾಡೋದೇ."

"ಬನ್ನಿ ಅಣ್ಣ" ಎಂದಳು. ಎಲ್ಲರಿಗೂ ಮಾಡುವುದೇ ಇರಬಹುದು. ಇಲ್ಲದೆಯೂ ಇರಬಹುದು. ಮೊದಲ ಗೇರಿಗೆ ಹಾಕುವಾಗ ಒಂದು ಸಲ ಕರಕ್ ಎಂದಿತು. ಅವನು ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು. ಹೊಸದಾಗಿ ವಾರ್ಡಿಗೆ ಸೇರಿದ್ದಾಗ ದೊಡ್ಡ ಸಿಸ್ಟರ್ ಹೀಗೇ ಪಕ್ಕದಲ್ಲಿ ನಿಂತಿರುತ್ತಿದ್ದರು, ಏನೂ ಹೇಳದೆ, ಸೂಜಿ ಹಿಡಿದ ಕೈಯನ್ನೇ ನೋಡುತ್ತ. ಆ ಕೈ ಬರಬರುತ್ತ ಎಷ್ಟು ಪಳಗಿತೆಂದರೆ ಅದಕ್ಕೆ ಅವಳೇ ಬೇಕಾಗಲಿಲ್ಲ. ನಾಡಿ ಹಿಡಿದರೆ ಎಣಿಕೆ ತಪ್ಪುತ್ತಲೇ ಇರಲಿಲ್ಲ. ಎಣಿಕೆ ಒಂದು ಕಡೆ ಓಡುತ್ತಿದ್ದರೆ ತಲೆ ಇನ್ನೊಂದು ಕಡೆ, ಸಂಜೆಗೆ ಬೇಕಾದ ಸೋಪು, ಮಗಳ ಶೂ, ಸೋರುವ ನಲ್ಲಿ. ಹಾಗೇ ಒಂದು ಬೆಳಿಗ್ಗೆ ಕಿಟಕಿ ಪಕ್ಕದ ಮಂಚದ ಮುದುಕರೊಬ್ಬರ ಮಣಿಕಟ್ಟು ಹಿಡಿದು ಸೋಪಿನ ಬಗ್ಗೆ ಯೋಚಿಸುತ್ತಿದ್ದಳು. ಮುದುಕರು ಹೋದದ್ದು ಅವಳಿಗೆ ಎಣಿಕೆ ನಿಂತದ್ದರಿಂದ ಗೊತ್ತಾಯಿತು. ಯಾರ ತಪ್ಪೂ ಇರಲಿಲ್ಲ, ಹೋಗುವವರೇ ಆಗಿದ್ದರು, ಮನೆಯವರೂ ಕೈಮುಗಿದು ಹೋದರು. ಆದರೆ ಅವರ ಮುಖ ಹೇಗಿತ್ತೆಂದು ಆಮೇಲೆ ಎಷ್ಟು ನೆನೆದರೂ ನೆನಪಾಗಲಿಲ್ಲ. ಕೊನೆಯಲ್ಲಿ ಒಬ್ಬ ಮನುಷ್ಯ ಅವಳ ಕೈಯಲ್ಲಿದ್ದ, ಅವಳು ಅಲ್ಲಿರಲಿಲ್ಲ. ಅದಾದ ಮೇಲೆ ಯಾರ ಕೈ ಹಿಡಿದರೂ ಚಮಚ ಹಿಡಿದ ಹಾಗೆ, ಬಾಗಿಲ ಚಿಲಕ ಹಿಡಿದ ಹಾಗೆ. ಒಂದು ದಿನ ರಾಜೀನಾಮೆ ಕೊಟ್ಟು ಬಂದಳು. ಯಾಕೆ ಎಂದು ಕೇಳಿದವರಿಗೆಲ್ಲ ಬೆನ್ನು ನೋವು ಎಂದಳು. ಅತ್ತೆ ಎರಡು ದಿನ ಮಾತಾಡಲಿಲ್ಲ, ಆಮೇಲೆ, "ಅಷ್ಟು ಜನರನ್ನ ಎತ್ತಿ ಇಳಿಸಿದ ಕೈ, ಏನು ಮಾಡಿದ್ರೂ ಬದುಕ್ಕೊಳತ್ತೆ ಬಿಡು" ಎಂದರು. ವ್ಯಾನು ಒಳ್ಳೆಯದೆನಿಸಿತ್ತು. ಜನ ಹತ್ತುತ್ತಾರೆ, ಇಳಿಯುತ್ತಾರೆ, ಯಾರನ್ನೂ ಮುಟ್ಟಬೇಕಾಗಿಲ್ಲ.

ಟೈಲ್ಸ್ ಅಂಗಡಿ ಬಂತು. ಅಭ್ಯಾಸ ಬಲದಿಂದ ಕಾಲು ಬ್ರೇಕಿನ ಮೇಲೆ ಹೋಯಿತು, ಅವಳು ತಡೆದಳು. ಅತ್ತೆ ಇವತ್ತು ಇಲ್ಲಿ ಇಳಿಯುವ ಹಾಗಿಲ್ಲ. ಆಸ್ಪತ್ರೆಯ ರೋಗಿ ಆಸ್ಪತ್ರೆಯಲ್ಲೇ ಇಳಿಯಬೇಕು. ಸೀಟಿಯಣ್ಣ ಹಿಂದಕ್ಕೆ ತಿರುಗಿದ.

"ಅಜ್ಜೀ, ಎದೆ ನೋವು ಅಂತ ಆಸ್ಪತ್ರೆಗಾ?"

"ಹೂಂನಪ್ಪ."

"ಒಬ್ರೇ ಬರ್ತೀರಲ್ಲ, ಮನೇಲಿ ಯಾರೂ ಇಲ್ವಾ?"

"ಇದಾರೆ. ಮಗ ಇದಾನೆ, ಸೊಸೆ ಇದಾಳೆ, ಮೊಮ್ಮಗಳು ಇದಾಳೆ. ಮನೆ ತುಂಬಾ ಜನ."

"ಸೊಸೆ ಜೊತೇಲಿ ಬರಬಾರ್ದಾ?"

"ಅವಳಿಗೆ ಪುರುಸೊತ್ತೆಲ್ಲಿ?" ಎಂದರು ಅತ್ತೆ. ದನಿಯಲ್ಲಿ ಒಂದು ತುಂಟತನ, ಅವಳಿಗೆ ಮಾತ್ರ ಕೇಳುವಂಥದ್ದು. "ಅವಳದೇ ಒಂದು ದೊಡ್ಡ ವ್ಯವಹಾರ. ದಿನಾ ನೂರಾರು ಜನರ ಜೊತೆ ಓಡಾಡ್ತಾಳೆ."

ಕುಂಡದ ಹೆಂಗಸು ಇದಕ್ಕೇ ಕಾದಿದ್ದವಳ ಹಾಗೆ, "ಈಗಿನವರೇ ಹಾಗೆ ಬಿಡಿ ಅಜ್ಜಿ" ಎಂದಳು. "ಊರಿಗೆಲ್ಲ ಬೇಕು, ಮನೆಯವರಿಗೆ ಬೇಡ. ಎದೆ ನೋವಿನವರನ್ನ ಹೀಗೆ ವ್ಯಾನಿಗೆ ಹತ್ತಿಸಿ ಕಳಿಸ್ತಾಳಲ್ಲ, ಅವಳಿಗೂ ಒಂದು ದಿನ ವಯಸ್ಸಾಗಲ್ವಾ?" ಟೈ ಹುಡುಗ ತುಟಿ ಅಲ್ಲಾಡಿಸುವುದನ್ನು ನಿಲ್ಲಿಸಿ ತಲೆದೂಗಿದ. ಅವಳು ರಸ್ತೆ ನೋಡುತ್ತಿದ್ದಳು. ಕಿವಿ ಬಿಸಿಯಾಯಿತು. ಬಯ್ಯಿಸಿಕೊಂಡು ಸುಮ್ಮನೆ ಕೂರುವುದು ಅವಳಿಗೆ ಹೊಸದಲ್ಲ, ಆಸ್ಪತ್ರೆಯಲ್ಲಿ ಬಯ್ಯದವರು ಯಾರು. ಆದರೆ ಆ ಬೈಗುಳ ಯೂನಿಫಾರಂಗೆ ಬೀಳುತ್ತಿತ್ತು, ಇದು ನೇರ ಮೈಗೇ.

"ಹಾಗನ್ಬೇಡಿ" ಎಂದರು ಅತ್ತೆ. "ನಮ್ಮವಳು ಒಳ್ಳೇವಳು. ಕೈ ಸ್ವಲ್ಪ ತಣ್ಣಗೆ, ಅಷ್ಟೇ. ಮುಟ್ಟಿದ್ರೆ ಸ್ಟೀಲ್ ಲೋಟ ಮುಟ್ಟಿದ ಹಾಗೆ. ಆದ್ರೆ ಒಳಗೆ" ಎಂದು ಅಲ್ಲಿಗೆ ನಿಲ್ಲಿಸಿದರು.

ಅವಳು ಮುಂದಿನ ಮಾತಿಗೆ ಕಾದಳು. ಬರಲಿಲ್ಲ. ಕನ್ನಡಿ ನೋಡಿದಳು. ಅತ್ತೆಯ ಅಂಗೈ ಎದೆಯ ಮೇಲೆ ಪೂರ್ತಿ ಹರಡಿಕೊಂಡಿತ್ತು. ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಎಷ್ಟು ಚೆನ್ನಾಗಿ ಕಲಿತಿದ್ದಾರೆ ಎಂದುಕೊಂಡಳು, ಒಂಥರ ಸಿಟ್ಟೂ ಬಂತು. ಮಾತು ಅರ್ಧಕ್ಕೆ ಬಿಡಬೇಕು ಎಂದು ಹೇಳಿಕೊಟ್ಟದ್ದು ನಿಜ, ಅದಕ್ಕಾಗಿ ಈ ಮಾತನ್ನೇ ಅರ್ಧಕ್ಕೆ ಬಿಡಬೇಕಿತ್ತೇ. ಒಳಗೆ ಏನು? ಹೇಳಿಬಿಟ್ಟು ಆಮೇಲೆ ಎದೆ ಹಿಡಿದುಕೊಳ್ಳಬಹುದಿತ್ತು.

ಸರ್ಕಲ್ ದಾಟಿ ಸೇತುವೆ ಹತ್ತಿದರು. ಹತ್ತಿದ ಕೂಡಲೇ ಮುಂದಿನ ಗಾಡಿಗಳೆಲ್ಲ ಒಂದೊಂದಾಗಿ ಕೆಂಪು ದೀಪ ಹೊತ್ತಿಸಿಕೊಂಡು ನಿಂತವು. ಎಲ್ಲೋ ಮುಂದೆ ಲಾರಿ ಕೆಟ್ಟಿರಬೇಕು. ಎಡಕ್ಕೆ ಕಂಬಿ, ಕೆಳಗೆ ನದಿಯ ತೆಳ್ಳನೆಯ ನೀರು, ಬಲಕ್ಕೆ ಎದುರಿನಿಂದ ಬರುವ ಬಸ್ಸುಗಳ ಬಿಸಿಗಾಳಿ. ಎಂಜಿನ್ ಆಫ್ ಮಾಡಿದಳು. ಸದ್ದು ನಿಂತ ಮೇಲೆ ವ್ಯಾನಿನೊಳಗಿನ ಸಣ್ಣ ಸದ್ದುಗಳು ಕೇಳತೊಡಗಿದವು, ಇಯರ್‌ಫೋನಿನ ಚಿಟಿಚಿಟಿ, ಕುಂಡದ ಎಲೆಗಳು ಸೀಟಿಗೆ ಉಜ್ಜುವುದು, ಒಂದು ಉಸಿರು. ಮೇಲೆಮೇಲೆ ಬರುವ ಉಸಿರು. ಅದನ್ನೂ ಅವಳೇ ಹೇಳಿಕೊಟ್ಟಿದ್ದಳು.

ಕನ್ನಡಿ. ಅತ್ತೆಯ ಮೇಲ್ದುಟಿಯ ಮೇಲೆ ಹನಿ. ಕಾಲ ಬಳಿ ನೀರಿನ ಬಾಟಲಿ, ಮುಚ್ಚಳ ಸಡಿಲ. ನಿನ್ನೆ ಲೋಟದಲ್ಲಿ ಬೆರಳದ್ದಿದ್ದು ನೆನಪಾಯಿತು. ಆಗತ್ತೆ, ಎಂದಿದ್ದರು. ಸೀಟಿಯಣ್ಣನೂ ಹಿಂದಕ್ಕೆ ನೋಡುತ್ತಿದ್ದ. ಅವನು ನೋಡುತ್ತಿದ್ದಾನೆಂದೇ ಅತ್ತೆ ಮಾಡುತ್ತಿರಬೇಕು. ಅತಿ ಮಾಡಬೇಡಿ ಅತ್ತೆ, ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು, ಸಂಜೆಯವರೆಗೆ ಸಾಕು, ಒಂದು ನಂಬರು ಬರೆಯುವವರೆಗೆ. ಆಮೇಲೆ ಕನ್ನಡಿಯಲ್ಲಿ ಅತ್ತೆಯ ಎಡಗೈ ಮೇಲೆದ್ದು ದವಡೆಯ ಹತ್ತಿರ ಹೋಯಿತು. ಹೆಬ್ಬೆರಳು ದವಡೆಯ ಮೂಳೆಯ ಕೆಳಗೆ ಒತ್ತಿಕೊಂಡಿತು, ಬಿಟ್ಟಿತು, ಮತ್ತೆ ಒತ್ತಿಕೊಂಡಿತು.

ದವಡೆಯನ್ನು ಅವಳು ಹೇಳಿಕೊಟ್ಟಿರಲಿಲ್ಲ.

ಎದೆಯ ನೋವು ನಿಜವಾದರೆ ಕೆಲವರಿಗೆ ದವಡೆಗೂ ಹತ್ತುತ್ತದೆ. ತಡಿ, ಎಂದುಕೊಂಡಳು. ಹೋದ ವಾರ ಹಲ್ಲು ನೋವು ಅನ್ನುತ್ತಿದ್ದರು, ಅದೇ ಇರಬಹುದು. ಅಥವಾ ತಾವೇ ಸೇರಿಸಿಕೊಂಡಿರಬಹುದು, ದಿನಕ್ಕೊಂದು ಹೊಸದು ಸೇರಿಸುವವರು ತಾನೆ. ಹಲ್ಲು ನೋವಿನವರೂ ಹೀಗೇ ಒತ್ತಿಕೊಳ್ಳುತ್ತಾರೆ. ಇಷ್ಟು ವರ್ಷ ನೋಡಿದ ಕಣ್ಣು, ಮುಖ ನೋಡಿದರೆ ಮಂಚದ ಕಾಲಿನ ಚಾರ್ಟು ಓದಬೇಕಿಲ್ಲದ ಕಣ್ಣು, ಈಗ ಅಂಗೈಯಗಲದ ಕನ್ನಡಿಯಲ್ಲಿ ಮನೆಯವರ ಮುಖವನ್ನು ಓದಲಾರದೆ ಹೋಯಿತು. ನಿಜ ಹೇಗಿರುತ್ತದೆಯೋ ಹಾಗೇ ಇರಲಿ ಸುಳ್ಳು, ಎಂದು ತಾನೇ ಕೂತು ತಿದ್ದಿದ್ದಳು. ಗೊತ್ತಾಗಲು ಒಂದೇ ದಾರಿ. ಮುಟ್ಟಬೇಕು. ನೀರಿನ ಹನಿಯಾದರೆ ಮೈ ಬೆಚ್ಚಗಿರುತ್ತದೆ. ಮುಟ್ಟಬೇಕಾದರೆ ಇಳಿಯಬೇಕು, ಇಳಿದು ಗುರುತಿಲ್ಲದ ಒಬ್ಬ ಅಜ್ಜಿಯ ಶಾಲಿನೊಳಗೆ ಕೈ ಹಾಕಬೇಕು. ಯಾವ ವ್ಯಾನಿನವಳು ಹಾಗೆ ಮಾಡುತ್ತಾಳೆ. ಸೀಟಿಯಣ್ಣ ನೋಡುತ್ತಾನೆ. ಅವನಿಗೆ ಅಷ್ಟು ಸಾಕು. ಗಾಜಿನ ಎಡಮೂಲೆ ಬಿಸಿಲಿಗೆ ಫಳಫಳ ಎನ್ನುತ್ತಿತ್ತು.

"ಅಜ್ಜಿಗೆ ಏನೋ ಆಗ್ತಾ ಇದೆ ಕಣಮ್ಮ" ಎಂದ ಸೀಟಿಯಣ್ಣ.

"ದಿನಾ ಹಾಗೇ" ಎಂದಳು ಅವಳು.

ಹೇಳಿದ ಮೇಲೆ ಆ ಎರಡು ಮಾತು ವ್ಯಾನಿನೊಳಗೇ ನಿಂತುಕೊಂಡವು. ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರಿಗೆ ಹೇಳುತ್ತಿದ್ದ ಅದೇ ದನಿ. ಕಿಟಕಿ ಪಕ್ಕದ ಮಂಚದವರು ಹೇಗಿದ್ದಾರೆ ಸಿಸ್ಟರ್? ದಿನಾ ಹಾಗೇ. ಅವಳಿಗೆ ತನ್ನ ಬೆರಳುಗಳು ಕಂಡವು, ಸ್ಟೇರಿಂಗಿನ ಮೇಲೆ ಸಾಲಾಗಿ, ತಣ್ಣಗೆ, ಯಾರದೋ ಬೆರಳುಗಳ ಹಾಗೆ.

ಬಾಗಿಲು ತೆಗೆದು ಇಳಿದಳು. ಹಿಂದಿನ ಬೈಕಿನವನು ಹಾರ್ನ್ ಹೊಡೆದ. ವ್ಯಾನಿನ ಮುಂದಿನಿಂದ ಓಡಿ ಎಡಗಡೆಯ ಬಾಗಿಲನ್ನು ಜಗ್ಗಿ ಸರಿಸಿದಳು. ಅತ್ತೆ ಅವಳನ್ನು ನೋಡಿದರು. ಕಣ್ಣಲ್ಲಿ ಗದರಿಕೆ ಇತ್ತು, ಹುಷಾರು, ಅವನು ನೋಡ್ತಾನೆ, ಎನ್ನುವ ಗದರಿಕೆ.

"ಅತ್ತೆ" ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ.

"ಯಾರಮ್ಮ ನಿನಗೆ ಅತ್ತೆ?" ದನಿ ಒಣಗಿತ್ತು. "ಗಾಡಿ ಓಡ್ಸು ಹೋಗು."

"ಅತ್ತೆ, ಸಾಕು. ನಿಜ ಹೇಳಿ."

"ನನಗೂ ನಿನಗೂ ಏನೂ..." ಮಾತು ಅರ್ಧಕ್ಕೆ ಬಿತ್ತು. ಅವಳು ಅತ್ತೆಯ ಕುತ್ತಿಗೆಯ ಮೇಲೆ ಕೈಯಿಟ್ಟಳು. ತಣ್ಣಗಿತ್ತು, ಅವಳ ಕೈಗಿಂತ ತಣ್ಣಗೆ, ಒದ್ದೆ, ಅಂಟು. ಯಾವ ಲೋಟದ ನೀರೂ ಹಾಗೆ ಅಂಟುವುದಿಲ್ಲ. ಬೆರಳ ಕೆಳಗೆ ನಾಡಿ ತೆಳ್ಳಗೆ, ಎಡವಿ ಎಡವಿ ಓಡುತ್ತಿತ್ತು.

ಕುಂಡದ ಹೆಂಗಸು ಬಾಯಿ ತೆರೆದುಕೊಂಡು ಅವಳನ್ನೂ ಅತ್ತೆಯನ್ನೂ ನೋಡಿದಳು. "ಇವರು ನಿಮ್ಮತ್ತೇನಾ?"

"ಹೌದು. ನೀವು ಬಯ್ತಿದ್ರಲ್ಲ, ಆ ಸೊಸೆ ನಾನೇ. ಆ ಕುಂಡ ಕೆಳಗಿಡಿ, ಇವರ ತಲೆ ನಿಮ್ಮ ಭುಜಕ್ಕೆ ಒರಗಿಸ್ಕೊಳ್ಳಿ. ಮಲಗಿಸ್ಬೇಡಿ, ಒರಗಿಸ್ಕೊಳ್ಳಿ, ಅಷ್ಟೇ. ಮಾತಾಡಿಸ್ಬೇಡಿ." ಅವಳ ಬಾಯಿಂದ ಮಾತುಗಳು ಬರುತ್ತಿದ್ದವು, ಒಂದರ ಹಿಂದೆ ಒಂದು, ವಾರ್ಡಿನ ಮಾತುಗಳೇ, ಆದರೆ ಈ ಸಲ ಕಣ್ಣು ಅತ್ತೆಯ ಮುಖದ ಮೇಲೇ ಇತ್ತು. ಟೈ ಹುಡುಗ ತಾನಾಗಿಯೇ ಇಳಿದು ಅತ್ತೆಯ ಕಾಲು ಚಾಚಲು ಜಾಗ ಬಿಟ್ಟ, ಏನು ಮಾಡಬೇಕೆಂದು ತಿಳಿಯದೆ ಟೈ ಸಡಿಲಿಸಿಕೊಂಡ.

ಅವಳು ತಿರುಗಿದಾಗ ಸೀಟಿಯಣ್ಣ ಆಗಲೇ ಕೆಳಗೆ ನಿಂತಿದ್ದ. ಅವರ ಕಣ್ಣುಗಳು ಒಂದು ಗಳಿಗೆ ಸೇರಿದವು. ಅವನ ಮುಖದಲ್ಲಿ ಎಲ್ಲ ಅರ್ಥವಾಗಿತ್ತು, ಮೊದಲ ದಿನದಿಂದ ಇವತ್ತಿನವರೆಗೆ, ಒಂದೊಂದು ಶಾಲೂ. ಅವನು ಸೀಟಿಯನ್ನು ಬಾಯಿಗಿಟ್ಟುಕೊಂಡು, ಕಾಲೆಳೆಯುತ್ತ, ನಿಂತ ಗಾಡಿಗಳ ನಡುವೆ ಮುಂದೆ ನಡೆದ. ಊದುತ್ತ, ಬಾನೆಟ್ಟುಗಳಿಗೆ ಅಂಗೈಯಿಂದ ಬಡಿಯುತ್ತ, "ಸರೀ, ಸರೀ, ಎಡಕ್ಕೆ ತಗೋ" ಎಂದು ಕೂಗುತ್ತ. ಗಾಡಿಗಳು ಗೊಣಗಿಕೊಂಡು ಕಂಬಿಗೆ ಒರಗಿದವು. ಒಂದು ವ್ಯಾನಿನಗಲದ ದಾರಿ ಬಿಟ್ಟುಕೊಂಡಿತು. ಅವಳು ಆ ಎಳೆಯುವ ಕಾಲಿನ ಹಿಂದೆ, ಅದು ಎಷ್ಟು ಬೇಗ ಹೋಗುತ್ತದೋ ಅಷ್ಟೇ ಬೇಗ, ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಹೋದಳು. ಜೀವಮಾನದಲ್ಲಿ ಅಷ್ಟು ನಿಧಾನವಾದ ದಾರಿ ಇನ್ನೊಂದಿರಲಿಲ್ಲ. ಸೇತುವೆ ಮುಗಿಯುವಲ್ಲಿ ಅವನು ಬಾಗಿಲು ಹಿಡಿದು ಹತ್ತಿಕೊಂಡ, ಏದುಸಿರು ಬಿಡುತ್ತ, "ಈಗ ಓಡ್ಸು" ಎಂದ.

ಕ್ಯಾಶುವಾಲ್ಟಿಯ ಬಾಗಿಲಿಗೆ ವ್ಯಾನನ್ನು ಅಡ್ಡ ನಿಲ್ಲಿಸಿದಳು. ಸ್ಟ್ರೆಚರ್ ಬಂತು. ಅವಳು ಕೆಲಸ ಮಾಡಿದ ಆಸ್ಪತ್ರೆಯೇ, ಆದರೆ ಬಾಗಿಲಲ್ಲಿ ನಿಂತಿದ್ದ ನರ್ಸು ಹೊಸಬಳು, ಎಳೆ ಮುಖ, ಕೈಯಲ್ಲಿ ಪೆನ್ನು. ಅವಳು ತಲೆಯೆತ್ತದೆ ಕೇಳಿದಳು: "ಪೇಷಂಟ್ ಕಡೆಯವರು ಯಾರು?"

ಆ ಪ್ರಶ್ನೆಯನ್ನು ಇವಳೂ ತಲೆಯೆತ್ತದೆಯೇ ಕೇಳುತ್ತಿದ್ದಳು. ಆಚೆ ಬದಿಯಲ್ಲಿ ನಿಂತವರಿಗೆ ಅದು ಹೀಗೆ ಕೇಳಿಸುತ್ತದೆಂದು ಗೊತ್ತಿರಲಿಲ್ಲ. "ನಾನು" ಎಂದಳು. "ಸೊಸೆ."

"ಸುಳ್ಳು" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ, ಸ್ಟ್ರೆಚರಿನ ಮೇಲಿಂದ. "ಇವಳು ವ್ಯಾನಿನವಳು. ನನಗೂ ಇವಳಿಗೂ ಸಂಬಂಧ ಇಲ್ಲ. ಬರ್ಕೊಳಮ್ಮ." ಸೆರಗಿನ ಗಂಟಿಗೆ ಕೈ ಹೋಯಿತು, ಅಲ್ಲಿಂದ ಒಂದು ನಾಣ್ಯ ತೆಗೆದು ಗಾಳಿಯಲ್ಲಿ ಚಾಚಿದರು. "ತಗೋ, ನಿನ್ನ ಬಾಡಿಗೆ." ಸೀಟಿಯಣ್ಣ ಅಲ್ಲೇ ಇದ್ದಾನೆಂದು ಅವರಿಗೆ ಗೊತ್ತಿತ್ತು. ನರ್ಸು ಗಾಬರಿಯಿಂದ ಇಬ್ಬರನ್ನೂ ನೋಡಿದಳು. ಸ್ಟ್ರೆಚರ್ ಒಳಗೆ ಹೋಯಿತು, ನಾಣ್ಯ ಅವಳ ಅಂಗೈಯಲ್ಲಿ ಉಳಿಯಿತು.

ಆಮೇಲಿನದು ಬೆಂಚು. ಕಾಯುವವರ ಬೆಂಚಿನ ಪ್ಲಾಸ್ಟಿಕ್ಕು ಮಧ್ಯದಲ್ಲಿ ಸೀಳಿದೆ, ತೊಡೆಗೆ ಚುಚ್ಚುತ್ತದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಗಂಡನಿಗೆ ಫೋನ್ ಮಾಡಿದಳು, ಹೊರಟೆ ಎಂದ. ಬಾಗಿಲಿಗೆ ಅಡ್ಡವಾಗಿದ್ದ ವ್ಯಾನಿನ ಕೀಲಿಯನ್ನು ಸೀಟಿಯಣ್ಣ ಕೇಳಿ ತೆಗೆದುಕೊಂಡು ಹೋಗಿದ್ದ. ಉಳಿದವರನ್ನು ಅವರವರ ಜಾಗಕ್ಕೆ ಬಿಟ್ಟು, ಆ ಕಾಲಿನಲ್ಲೇ ಓಡಿಸಿಕೊಂಡು, ತಿರುಗಿ ಬಂದ. ಪಕ್ಕದಲ್ಲಿ ಕೂತು ಕೀಲಿಯನ್ನು ಬೆಂಚಿನ ಮೇಲಿಟ್ಟ.

"ಆ ಗಿಡದ ಹೆಂಗಸು ಕ್ಷಮಿಸಿ ಅಂತ ಹೇಳು ಅಂದ್ಲು. ಅಜ್ಜಿ ಹೇಗಿದಾರೆ?"

"ಸರಿಯಾದ ಹೊತ್ತಿಗೆ ತಂದಿದೀರಿ ಅಂದ್ರು. ಇವತ್ತು ರಾತ್ರಿ ಕಳೀಬೇಕು."

ಅವನು ತಲೆದೂಗಿದ. ಸ್ವಲ್ಪ ಹೊತ್ತು ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಗೊಂಬೆ ಕೂರಿಸಿದ್ದೆ."

"ಹೌದಣ್ಣ."

"ಆ ಸಿಮೆಂಟು ಮೂಟೆಯವನ ಭಾಮೈದನಿಗೆ ಒಂದು ನ್ಯಾಯ, ನಿಮ್ಮತ್ತೆಗೆ ಒಂದು ನ್ಯಾಯ ಅಂತ ಆಗಲ್ಲ. ನಾಳೆ ಸ್ಟ್ಯಾಂಡಿನವರು ನನ್ನ ಕೇಳ್ತಾರೆ."

"ಗೊತ್ತು."

"ನಂಬರು ಇಲ್ಲ."

"ಗೊತ್ತು" ಎಂದಳು. ಹೇಳುವಾಗ ಎದೆಯಲ್ಲಿ ಏನಾದರೂ ಮುರಿಯಬಹುದೆಂದು ಕಾದಳು, ಮುರಿಯಲಿಲ್ಲ. ನೋವಿತ್ತು, ಆದರೆ ಅದು ಬೆಂಚಿನ ಸೀಳಿನ ಹಾಗೆ, ಸರಿದು ಕೂತರೆ ತಡೆದುಕೊಳ್ಳಬಹುದಾದದ್ದು. ನಾಳೆ ಬೀದಿಬೀದಿ ತಿರುಗಬೇಕು. ತಿರುಗಿದರಾಯಿತು. ಸೀಟಿಯಣ್ಣ ಏಳಲಿಲ್ಲ. ಅವಳ ಗಂಡ ಬರುವವರೆಗೂ ಪಕ್ಕದಲ್ಲೇ ಕೂತಿದ್ದ.

ಸಂಜೆ ಒಳಗೆ ಬಿಟ್ಟರು. ಅತ್ತೆಯ ಎದೆಯ ಮೇಲೆಲ್ಲ ವೈರುಗಳು, ಶಾಲು ಮಡಿಸಿ ಕಾಲ ಬಳಿ ಇಟ್ಟಿತ್ತು. ಪಾತ್ರವಿಲ್ಲದ ಮುಖ, ಸಣ್ಣಗಾಗಿತ್ತು. ಕಣ್ಣು ತೆರೆದವರು ಮೊದಲು ಬಾಗಿಲ ಕಡೆ ನೋಡಿ, ಅಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಪಿಸುಗುಟ್ಟಿದರು. "ಬರೆದ್ನಾ?"

"ಇಲ್ಲ."

"ನೀನು ಅತ್ತೆ ಅಂದಿದ್ದಕ್ಕೆ. ನಾನು ಕೊನೇವರೆಗೂ ಬಿಟ್ಟುಕೊಡ್ಲಿಲ್ಲ ನೋಡು. ಎಲ್ಲಾ ಸರಿಯಾಗಿ ಮಾಡಿದ್ನಲ್ಲೇ, ಬೆವರೂ ಬರಿಸಿದೆ."

"ಅತ್ತೆ, ಮಾತಾಡ್ಬಾರ್ದು."

"ನಾಳೆಯಿಂದ ಖಾಲಿ ಗಾಡಿ. ಯಾರು ಹತ್ತುತಾರೆ?"

ಅವಳು ಸ್ಟೂಲು ಎಳೆದುಕೊಂಡು ಕೂತಳು. "ಅಲ್ಲಿ ಏನೋ ಹೇಳ್ತಾ ಇದ್ರಿ. ಕೈ ತಣ್ಣಗೆ, ಆದ್ರೆ ಒಳಗೆ ಅಂತ. ಒಳಗೆ ಏನು?"

ಅತ್ತೆ ಯೋಚಿಸಿದರು. "ನೆನಪಿಲ್ಲ ಕಣೇ" ಎಂದು ಕಣ್ಣು ಮುಚ್ಚಿಕೊಂಡರು. ಅದು ನಿಜವೋ ನಟನೆಯೋ ಅವಳಿಗೆ ತಿಳಿಯಲಿಲ್ಲ. ಹೊದಿಕೆಯ ಹೊರಗೆ ಬಿದ್ದಿದ್ದ ಕೈಯನ್ನು ಎತ್ತಿಕೊಂಡಳು. ಬೆರಳುಗಳು ತಾವೇ ಹೋಗಿ ಮಣಿಕಟ್ಟಿನ ಮೇಲೆ ತಮ್ಮ ಜಾಗದಲ್ಲಿ ಕೂತವು, ಕಣ್ಣು ತಾನೇ ಗೋಡೆಯ ಗಡಿಯಾರಕ್ಕೆ ಹೋಯಿತು, ಎಣಿಕೆ ಶುರುವಾಯಿತು. ಆ ಕೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಹೆಬ್ಬೆರಳು ಇತ್ತು, ಎಂದೋ ಬಿಸಿ ಪಾತ್ರೆ ತಾಗಿದ ಕಲೆ ಇತ್ತು, ಉಗುರಿನ ಅಂಚಿನಲ್ಲಿ ಬೆಳಿಗ್ಗೆ ಅವಳ ಡಬ್ಬಿ ಕಟ್ಟುವಾಗ ಅಂಟಿದ ಅರಿಸಿನ ಇತ್ತು. ಈಗ ಬೆಚ್ಚಗಾಗುತ್ತಿತ್ತು. ಯಾರ ಕೈಯಿಂದ ಯಾರಿಗೆ ಬಿಸಿ ಹೋಗುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ಎಲ್ಲಿಯೋ ಎಣಿಕೆ ತಪ್ಪಿತು. ಅವಳು ಮತ್ತೆ ಮೊದಲಿನಿಂದ ಎಣಿಸಲಿಲ್ಲ.